ಡ್ರೋನ್ ಬಂತು, ಫಿಸಿಕ್ಸ್ ಹೋಗಲಿಲ್ಲ

ಇವತ್ತಿನ ಎಪಿಸೋಡ್ ಹುಟ್ಟಿದ್ದು ಒಂದು ವಾಯ್ಸ್ ನೋಟ್‌ನಿಂದ. ಲಿಂಗದಹಳ್ಳಿಯಲ್ಲಿರೋ ನನ್ನ ಚಿಕ್ಕಮ್ಮನ ಮಗ ಈ ಸಲ ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ. ಕಳೆದ ವಾರ ರಾತ್ರಿ ಅವನ ಮೆಸೇಜ್ ಬಂತು: "ಅಣ್ಣ, ನಾನು ಪಿಯುಸಿಗೆ ಕಾಮರ್ಸ್ ತಗೊಳ್ತೀನಿ. ಏರ್‌ಫೋರ್ಸ್ ಸೇರೋದಂತೂ ಪಕ್ಕಾ. ಇನ್ಮೇಲೆ ಎಲ್ಲಾ ಡ್ರೋನೇ ಅಲ್ವಾ, ಪೈಲಟ್ ಯಾಕೆ ಬೇಕು? ಡ್ರೋನ್ ಓಡಿಸೋಕೆ ಯಾವ ಡಿಗ್ರಿ ಆದ್ರೂ ನಡೆಯುತ್ತಂತೆ."

ಹುಡುಗ ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಇನ್ನರ್ಧ ತಪ್ಪು. ಆ ತಪ್ಪನ್ನೇ ನಾನೂ ಮಾಡಿದ್ದೆ.

ಮೊದಲು ಸರಿ ಇರೋ ಅರ್ಧ. 2025ರ ಮೇ 8ರ ರಾತ್ರಿ ಪಾಕಿಸ್ತಾನ 36 ಜಾಗಗಳ ಮೇಲೆ 300ರಿಂದ 400 ಡ್ರೋನ್ ಬಿಟ್ಟಿತ್ತು ಅಂತ ಮರುದಿನ ಬ್ರೀಫಿಂಗ್‌ನಲ್ಲಿ ಹೇಳಿದ್ದು ಕರ್ನಲ್ ಸೋಫಿಯಾ ಖುರೇಷಿ, ನಮ್ಮ ಬೆಳಗಾವಿ ಜಿಲ್ಲೆಯ ಸೊಸೆ. ಅದೇ ವರ್ಷ ಆಗಸ್ಟ್ 9ರಂದು ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್ ಬೆಂಗಳೂರಿಗೆ ಬಂದು ಕಾತ್ರೆ ಸ್ಮಾರಕ ಉಪನ್ಯಾಸ ಕೊಟ್ಟರು. ಐದು ಫೈಟರ್ ಮತ್ತು ಒಂದು ದೊಡ್ಡ ವಿಮಾನವನ್ನು ನೆಲದಿಂದಲೇ ಹೊಡೆದು ಬೀಳಿಸಿದ್ದೇವೆ, ಆ ದೊಡ್ಡ ವಿಮಾನ ಇದ್ದಿದ್ದು ಸುಮಾರು 300 ಕಿಲೋಮೀಟರ್ ದೂರದಲ್ಲಿ ಅಂದರು. ಪಾಕಿಸ್ತಾನ ಇದನ್ನು ಒಪ್ಪಿಲ್ಲ. ಏನೇ ಇರಲಿ, ಗಮನಿಸಿ: ಅವರು ಹೇಳಿದ ಆ ಕೆಲಸ ಮಾಡಿದವರು ಕಾಕ್‌ಪಿಟ್‌ನಲ್ಲಿ ಕೂತವರಲ್ಲ.

ವಾಯುಪಡೆ ಈ ಬದಲಾವಣೆಯನ್ನು ಮೊದಲೇ ಲೆಕ್ಕಕ್ಕೆ ತಗೊಂಡಿತ್ತು. 2022ರ ಅಕ್ಟೋಬರ್ 8ರಂದು ವೆಪನ್ ಸಿಸ್ಟಮ್ಸ್ ಅಂತ ಅಧಿಕಾರಿಗಳ ಹೊಸ ಶಾಖೆ ಘೋಷಿಸಿದರು. ಸ್ವಾತಂತ್ರ್ಯದ ನಂತರ ಇಂಥದ್ದು ಇದೇ ಮೊದಲು. ಇದರಲ್ಲಿ ನಾಲ್ಕು ದಾರಿ. ಸುಖೋಯ್‌ನಂಥ ವಿಮಾನದಲ್ಲಿ ಕೂತು ಆಯುಧ ನೋಡಿಕೊಳ್ಳೋದು ಒಂದು. ದೂರದಿಂದ ಡ್ರೋನ್ ನಡೆಸೋದು ಇನ್ನೊಂದು. ಉಳಿದಂತೆ ನೆಲದಿಂದ ಬಿಡೋ ಕ್ಷಿಪಣಿಗಳದ್ದು, ಮತ್ತೆ ಬಂದ ಚಿತ್ರ-ಮಾಹಿತಿ ಅರ್ಥ ಮಾಡ್ಕೊಳ್ಳೋದು. ಹಾರಾಟ ತರಬೇತಿಯ ಖರ್ಚಿನಲ್ಲೇ 3,400 ಕೋಟಿ ರೂಪಾಯಿ ಉಳಿಯುತ್ತೆ ಅಂದಿದ್ದರು. (ಬಿಕಾಂ ಮಾಡಿದವನ ಕಣ್ಣು ಮೊದಲು ಹೋಗೋದೇ ಅಲ್ಲಿಗೆ.) 2024ರ ಜುಲೈ 1ರಂದು ಹೈದರಾಬಾದ್‌ನಲ್ಲಿ ಇದಕ್ಕೇ ಅಂತ ಶಾಲೆಯೂ ಶುರುವಾಯ್ತು.

ಈಗ ತಪ್ಪಿರೋ ಅರ್ಧ. ಪೈಲಟ್ ನೆಲಕ್ಕಿಳಿದ ಮಾತ್ರಕ್ಕೆ ಓದು ಸುಲಭ ಆಗಲಿಲ್ಲ. ದೂರ ಹೋದ ಡ್ರೋನ್‌ಗೆ ರೇಡಿಯೋ ಸಿಗ್ನಲ್ ನೇರವಾಗಿ ಮುಟ್ಟಲ್ಲ, ಭೂಮಿ ಗುಂಡಗಿದೆಯಲ್ಲ, ಅಡ್ಡ ಬರುತ್ತೆ. ಉಪಗ್ರಹದ ಮೂಲಕ ಕಳಿಸಬೇಕು. ಆ ಉಪಗ್ರಹ ಸುಮಾರು 36,000 ಕಿಲೋಮೀಟರ್ ಮೇಲೆ ಇದ್ದರೆ, ನೀವು ಕೊಟ್ಟ ಆದೇಶ ಮೇಲೆ ಹೋಗಿ ಡ್ರೋನ್‌ಗೆ ತಲುಪೋಕೆ ಹತ್ತಿರ ಹತ್ತಿರ ಕಾಲು ಸೆಕೆಂಡ್. ಅದರ ವಿಡಿಯೋ ನಿಮಗೆ ವಾಪಸ್ ಬರೋಕೆ ಇನ್ನೊಂದು ಕಾಲು ಸೆಕೆಂಡ್. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿದ್ದರೆ ಆ ಅರ್ಧ ಸೆಕೆಂಡಲ್ಲಿ ಡ್ರೋನ್ 28 ಮೀಟರ್ ಮುಂದೆ ಹೋಗಿರುತ್ತೆ! ಪಬ್‌ಜಿಯಲ್ಲಿ ಲ್ಯಾಗ್ ಆದರೆ ಮತ್ತೆ ಆಡಬಹುದು. ಇಲ್ಲಿ ಆಗಲ್ಲ. ಶತ್ರು ಸಿಗ್ನಲ್ ಜ್ಯಾಮ್ ಮಾಡಿದರೆ ಏನು ಮಾಡಬೇಕು ಅನ್ನೋದೂ ಗೊತ್ತಿರಬೇಕು.

ಇದು ಎಷ್ಟು ಕಷ್ಟ ಅಂತ ತಿಳಿಯೋಕೆ ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಗೇ ಹೋದರೆ ಸಾಕು. ಚಳ್ಳಕೆರೆ ಹತ್ತಿರ ಡಿಆರ್‌ಡಿಒ ರನ್‌ವೇ ಇದೆ. ಅಜ್ಜಂಪುರದ ಕೇಳುಗರಿಗೆ ಅಮೃತ್ ಮಹಲ್ ಎತ್ತು ಹೊಸದಲ್ಲ, ಟಿಪ್ಪು ಸೈನ್ಯದ ಫಿರಂಗಿ ಎಳೆದ ತಳಿ. ಆ ದನಗಳಿಗೆ ಬಿಟ್ಟಿದ್ದ ಕಾವಲಿನಲ್ಲೇ ಈಗ ಡ್ರೋನ್ ಹಾರುತ್ತೆ. (ಹಳ್ಳಿಗಳ ಹುಲ್ಲುಗಾವಲು ಹೋದ ವಿಷಯ ಹಸಿರು ನ್ಯಾಯಮಂಡಳಿವರೆಗೂ ಹೋಗಿತ್ತು. ಅದಕ್ಕೆ ಬೇರೆಯೇ ಎಪಿಸೋಡ್ ಬೇಕು.) 2016ರಲ್ಲಿ ಇಲ್ಲಿ ಮೊದಲು ಹಾರಿದ ತಪಸ್ ಡ್ರೋನ್ 30,000 ಅಡಿ ಎತ್ತರದಲ್ಲಿ 24 ಗಂಟೆ ಇರಬೇಕಿತ್ತು. ಆಗಲಿಲ್ಲ. 2023ರ ಆಗಸ್ಟ್‌ನಲ್ಲಿ ಒಂದು ತಪಸ್ ಹಿರಿಯೂರು ತಾಲೂಕಿನ ವದ್ದಿಕೆರೆ ಹತ್ತಿರ ಹೊಲದಲ್ಲಿ ಬಿತ್ತು, ಆ ವಿಡಿಯೋ ನೀವೂ ನೋಡಿರ್ತೀರಿ.

ಈಗ ಮುಖ್ಯ ವಿಷಯ. ಅಧಿಕಾರಿ ಆಗೋಕೆ ವರ್ಷಕ್ಕೆರಡು ಸಲ ಎಎಫ್‌ಕ್ಯಾಟ್ ಪರೀಕ್ಷೆ ಇರುತ್ತೆ. ಅದರ ನೋಟಿಫಿಕೇಶನ್‌ನಲ್ಲಿ ಫ್ಲೈಯಿಂಗ್ ಶಾಖೆಗೂ ವೆಪನ್ ಸಿಸ್ಟಮ್ಸ್‌ಗೂ "ಯಾವುದೇ ಪದವಿ, 60 ಪರ್ಸೆಂಟ್" ಅಂತ ಇರೋದು ನಿಜ. ನನ್ನ ತಮ್ಮ ಓದಿದ್ದು ಅಷ್ಟೇ. ಅದೇ ಸಾಲಲ್ಲಿ ಇನ್ನೊಂದಿದೆ: ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಎರಡರಲ್ಲೂ ಕನಿಷ್ಠ 50 ಪರ್ಸೆಂಟ್. ಎನ್‌ಡಿಎ ಮೂಲಕ ವಾಯುಪಡೆಗೆ ಹೋಗೋದಾದರೂ ಇವೆರಡು ಬೇಕೇ ಬೇಕು. ಅಂದರೆ ಪದವಿ ಆಮೇಲೆ ಯಾವುದಾದರೂ ಮಾಡ್ಕೊಳ್ಳಿ, ಬಾಗಿಲು ಮುಚ್ಚೋದು ಹದಿನಾರನೇ ವಯಸ್ಸಲ್ಲಿ. ಬಿಕಾಂ ಕೊನೇ ವರ್ಷ ಹಾಸ್ಟೆಲ್ ಮಂಚದ ಮೇಲೆ ಕೂತು ನಾನು ಈ ಸಾಲು ಓದಿದಾಗ ನಾಲ್ಕೈದು ವರ್ಷ ತಡ ಆಗಿತ್ತು. ಬಿಕಾಂನವರಿಗೆ ಅಕೌಂಟ್ಸ್, ಲಾಜಿಸ್ಟಿಕ್ಸ್, ಅಡ್ಮಿನಿಸ್ಟ್ರೇಶನ್ ಶಾಖೆಗಳಿವೆ. ಅವೂ ಅಧಿಕಾರಿ ಹುದ್ದೆಗಳೇ, ಕಡಿಮೆ ಏನಲ್ಲ. ಆದರೆ ಡ್ರೋನ್ ಕೈಗೆ ಸಿಗಲ್ಲ.

ಇಷ್ಟೆಲ್ಲ ಹೇಳಿ ಕಳಿಸಿದೆ. ಒಂದು ಗಂಟೆ ಬಿಟ್ಟು ಉತ್ತರ ಬಂತು: "ಅಣ್ಣ, ನಂಗೆ ಸೈನ್ಸಲ್ಲಿ ಬಂದಿರೋದು 54." ಆಮೇಲೆ ಚಿಕ್ಕಮ್ಮನೇ ಫೋನ್ ಮಾಡಿ, "ತರೀಕೆರೆಗೆ ದಿನಾ ಬಸ್ಸು, ಮೇಲೆ ಟ್ಯೂಷನ್ ಫೀಸು, ಆಮೇಲೆ ಫೇಲಾದ್ರೆ ಏನಪ್ಪಾ ಮಾಡೋದು?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಭಾನುವಾರ ಊರಿಗೆ ಹೋಗ್ತಿದ್ದೀನಿ. ಅರ್ಜಿ ಕೊಡೋಕೆ ಇನ್ನೂ ಆರು ದಿನ ಇದೆ.