40 ಡಿಗ್ರಿ, 100 ಬಾರ್: ಕೂಲ್‌ಪ್ರಾಪ್ ಏನು ಹೇಳುತ್ತೆ?

ಕಾರ್ಬನ್ ಡೈಆಕ್ಸೈಡ್. 40 ಡಿಗ್ರಿ ಸೆಲ್ಸಿಯಸ್, 100 ಬಾರ್ ಒತ್ತಡ. ಒಂದು ಘನ ಮೀಟರ್ ಎಷ್ಟು ತೂಗುತ್ತೆ?

ಪಿಯುಸಿಯ ಆದರ್ಶ ಅನಿಲ ಸೂತ್ರ ಹಾಕಿ: ಸುಮಾರು 169 ಕೆಜಿ. ನಿಜವಾದ ಉತ್ತರ? ಹತ್ತಿರಹತ್ತಿರ 629! ಆ ಮೊದಲ ಲೆಕ್ಕ ನಂಬಿ ಪೈಪು, ಪಂಪು ತರಿಸಿದ್ರೋ, ಕೆಟ್ಟಿರಿ.

ಅಣುಗಳಿಗೆ ಗಾತ್ರವೇ ಇಲ್ಲ, ಒಂದಕ್ಕೊಂದು ಸೆಳೆತವೂ ಇಲ್ಲ ಅನ್ನುತ್ತೆ ಆ ಸೂತ್ರ. ಇಲ್ಲಿ ಅವು ಜಂಬೂಸವಾರಿ ನೋಡೋಕೆ ನಿಂತ ಜನರ ಹಾಗೆ ಒತ್ತೊತ್ತಾಗಿವೆ.

ಸರಿಯಾದ ಲೆಕ್ಕಕ್ಕೆ ಕೂಲ್‌ಪ್ರಾಪ್ ಇದೆ. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಓಪನ್ ಸೋರ್ಸ್ ತಂತ್ರಾಂಶ; ಕಾಸು ಕೊಡಬೇಕಿಲ್ಲ. ನೀರು, ಅಮೋನಿಯಾ, ಫ್ರಿಜ್ಜಿನ ಗ್ಯಾಸ್ ಸೇರಿ ನೂರಕ್ಕೂ ಹೆಚ್ಚು ದ್ರವ-ಅನಿಲಗಳು. ಬಹುಪಾಲಿಗೆ ಲ್ಯಾಬಿನ ಅಳತೆಗಳಿಗೆ ಹೊಂದಿಸಿದ ಒಂದೊಂದು ಹೆಲ್ಮ್‌ಹೋಲ್ಟ್ಸ್ ಶಕ್ತಿ ಸಮೀಕರಣ. ಅದರ ಡಿರೈವೆಟಿವ್ ತೆಗೆದರೆ ಒತ್ತಡ, ಎಂಥಾಲ್ಪಿ, ಶಬ್ದದ ವೇಗ ಎಲ್ಲವೂ ಸಿಗುತ್ತೆ. ನನಗಂತೂ ಇದೇ ಇದರ ಸೊಗಸು. ಸ್ನಿಗ್ಧತೆ, ಉಷ್ಣವಾಹಕತೆ ಮಾತ್ರ ಹೀಗೆ ಬರಲ್ಲ. ಅವಕ್ಕೆ ಬೇರೆ ಸೂತ್ರ ಬೇಕು, ಕೆಲವು ದ್ರವಗಳಿಗೆ ಅದೂ ಇಲ್ಲ.

ಪೈಥಾನ್‌ನಲ್ಲಿ ಒಂದೇ ಸಾಲು ಸಾಕು. ಆದ್ರೆ ತಾಪ ಕೆಲ್ವಿನ್‌ನಲ್ಲಿ, ಒತ್ತಡ ಪಾಸ್ಕಲ್‌ನಲ್ಲಿ ಕೊಡಿ. ಬರೀ 40 ಅಂತ ಟೈಪಿಸಿದ್ರೆ ಅದು ಮೈನಸ್ 233 ಡಿಗ್ರಿ ಅಂತ ತಿಳಿದು ಎರರ್ ಕೊಡುತ್ತೆ.