ಎಂಟು ಸೆಕೆಂಡುಗಳ ವಾದ್ಯವೃಂದ

ನೋಡುವ ಕಣ್ಣಿಗೆ ಅದು ಕಾಲುಗಳ ಮೇಲೆ ನಿಲ್ಲಿಸಿದ ಹಾರ್ಮೋನಿಯಂ ಪೆಟ್ಟಿಗೆಯಂತಿದೆ. ಆದರೆ ಕೀಲಿಯೊಂದನ್ನು ಒತ್ತಿದಾಗ ಹೊರಡುವುದು ತಿದಿಯ ಗಾಳಿಯ ಸ್ವರವಲ್ಲ. ತಂತಿಯ ಮೇಲೆ ಕಮಾನು ಸರಿದ ಸದ್ದು, ಕೊಳಲೂದಿದವನ ಉಸಿರು, ಹಾಡುಗಾರರ ಕಂಠ. ಕೇಳುತ್ತ ಮೈಮರೆತವರಿಗೆ ಎಂಟು ಸೆಕೆಂಡುಗಳಲ್ಲಿ ಎಚ್ಚರವಾಗುತ್ತದೆ. ಸ್ವರ ಥಟ್ಟನೆ ನಿಂತುಹೋಗುತ್ತದೆ. ಬೆರಳನ್ನೆತ್ತಿ ಮತ್ತೊಮ್ಮೆ ಒತ್ತಿದಲ್ಲದೆ ವಾದ್ಯ ಬಾಯಿ ಬಿಡುವುದಿಲ್ಲ. ಈ ಸೋಜಿಗದ ಪೆಟ್ಟಿಗೆಯ ಹೆಸರು ಮೆಲೊಟ್ರಾನ್.

ಇದರ ಮೂಲಪುರುಷ ಅಮೆರಿಕದ ಹ್ಯಾರಿ ಚೇಂಬರ್ಲಿನ್. ಸಂಗೀತಗಾರರ ಸ್ವರಗಳನ್ನು ಒಂದೊಂದಾಗಿ ಟೇಪಿನಲ್ಲಿ ಮುದ್ರಿಸಿ, ಕೀಲಿಗೊಂದರಂತೆ ಜೋಡಿಸಿದರೆ ಮನೆಯ ಪಡಸಾಲೆಯಲ್ಲಿಯೇ ಇಡೀ ವಾದ್ಯವೃಂದವನ್ನು ನುಡಿಸಬಹುದೆಂಬುದು ಅವನ ಎಣಿಕೆ. 1962ರಲ್ಲಿ ಅವನ ಮಾರಾಟಗಾರ ಬಿಲ್ ಫ್ರಾನ್ಸನ್ ಎಂಬಾತ ಧಣಿಗೆ ತಿಳಿಯದಂತೆ ಎರಡು ಯಂತ್ರಗಳನ್ನು ಇಂಗ್ಲೆಂಡಿಗೆ ಸಾಗಿಸಿ, ಬರ್ಮಿಂಗ್‌ಹ್ಯಾಮಿನ ಬ್ರ್ಯಾಡ್ಲಿ ಸೋದರರ ಮುಂದಿಟ್ಟ. ಅವರು ಅದನ್ನು ಸುಧಾರಿಸಿ 1963ರಲ್ಲಿ ಮೊದಲ ಮೆಲೊಟ್ರಾನನ್ನು ಹೊರತಂದರು. ಚೇಂಬರ್ಲಿನ್ ಕುಪಿತನಾದುದರಲ್ಲಿ ಆಶ್ಚರ್ಯವಿಲ್ಲ. ಕಡೆಗೆ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಬ್ರಿಟನ್ನಿನ ರಾಜಕುಮಾರಿ ಮಾರ್ಗರೆಟ್ ಕೂಡ ಇಂಥದೊಂದು ವಾದ್ಯವನ್ನು ಇಟ್ಟುಕೊಂಡಿದ್ದಳು. 1967ರಲ್ಲಿ ಬೀಟಲ್ಸ್ ತಂಡದ ಗೀತೆಯೊಂದರ ಆರಂಭದಲ್ಲಿ ಇದರ ಕೊಳಲಿನ ದನಿ ಕೇಳಿಬಂದ ಮೇಲೆ ಇದರ ಕೀರ್ತಿ ಲೋಕವನ್ನೆಲ್ಲ ಹಬ್ಬಿತು.

ಯಂತ್ರದ ಮರ್ಮ ಬಹು ಸರಳ. ಪ್ರತಿಯೊಂದು ಕೀಲಿಯ ಕೆಳಗೂ ಒಂದೊಂದು ಟೇಪಿನ ತುಂಡು ಇದೆ. ಕೀಲಿಯನ್ನೊತ್ತಿದೊಡನೆ ಆ ಟೇಪು ಸದಾ ತಿರುಗುತ್ತಿರುವ ಲೋಹದ ದಂಡಕ್ಕೆ ತಾಗಿ ಮುಂದಕ್ಕೆ ಎಳೆಯಲ್ಪಡುತ್ತದೆ. ಅದರಲ್ಲಿ ಅಡಗಿದ ಸ್ವರ ಹೊರಬೀಳುತ್ತದೆ. ಬೆರಳನ್ನೆತ್ತಿದರೆ ಸ್ಪ್ರಿಂಗು ಅದನ್ನು ಸರ್ರನೆ ಮೊದಲಿನ ಸ್ಥಾನಕ್ಕೆ ಸೆಳೆದುಕೊಳ್ಳುತ್ತದೆ. ಟೇಪಿನ ವೇಗ ಸೆಕೆಂಡಿಗೆ ಏಳೂವರೆ ಅಂಗುಲ. ಎಂಟು ಸೆಕೆಂಡಿಗೆ ಐದು ಅಡಿ. ಎರಡು ತುದಿಗಳನ್ನು ಅಂಟಿಸಿ ಕೊನೆಯಿಲ್ಲದಂತೆ ಸುತ್ತಿಸಬಹುದಿತ್ತಲ್ಲವೇ ಎಂದು ವಾಚಕರು ಕೇಳಬಹುದು. ಸುತ್ತಿಸಿದರೆ ಸ್ವರದ ಹುಟ್ಟು ತಪ್ಪಿಹೋಗುತ್ತದೆ. ಕಮಾನು ತಂತಿಯನ್ನು ಕಚ್ಚುವ ಮೊದಲ ಕ್ಷಣ, ತುಟಿಯಿಂದ ಉಸಿರು ಹೊರಡುವ ಮೊದಲ ಕ್ಷಣ, ಇವೇ ಒಂದು ವಾದ್ಯವನ್ನು ಮತ್ತೊಂದರಿಂದ ಬೇರ್ಪಡಿಸಿ ತೋರಿಸುವಂಥವು. ಅದನ್ನುಳಿಸಿಕೊಳ್ಳಲೆಂದೇ ಯಂತ್ರ ಪ್ರತಿಸಲವೂ ಮೊದಲಿನಿಂದ ಆರಂಭಿಸುತ್ತದೆ.

ಹೀಗಾಗಿ ಇದಕ್ಕೊಂದು ಹೊಸ ದನಿಯನ್ನು ತುಂಬುವುದು ತಾಳ್ಮೆಯ ಕೆಲಸ. 1970ರಲ್ಲಿ ಬಂದ ಎಂ-400 ಮಾದರಿಯಲ್ಲಿ 35 ಕೀಲಿಗಳಿವೆ. ಒಂದೊಂದು ಟೇಪಿನಲ್ಲಿ ಮೂರು ದನಿಗಳಿಗೆ ಸ್ಥಳವಿದೆ. ಎಂದರೆ ಒಂದು ಚೌಕಟ್ಟಿಗೆ 105 ಬಿಡಿ ಸ್ವರಗಳು ಬೇಕು. ವಾದಕನು ಮಂದ್ರದಿಂದ ತಾರದವರೆಗೆ ಒಂದೊಂದೇ ಸ್ವರವನ್ನು ಒಂದೇ ಬಲದಲ್ಲಿ ಎಂಟು ಸೆಕೆಂಡು ಹಿಡಿಯಬೇಕು. ಉಸಿರು ಕುಗ್ಗಬಾರದು, ಕಮಾನು ನಡುಗಬಾರದು. ಬಳಿಕ ಪ್ರತಿಯೊಂದರ ಮೊದಲ ಅಂಚನ್ನು ಸರಿಯಾಗಿ ಹೊಂದಿಸಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೀಲಿಯೊತ್ತಿದ ಮೇಲೆ ದನಿ ತಡವರಿಸುತ್ತದೆ. ಒಂದು ವಾದ್ಯದ 35 ಸ್ವರಗಳನ್ನು ಒಟ್ಟುಗೂಡಿಸಿದರೆ ಐದು ನಿಮಿಷವೂ ಆಗುವುದಿಲ್ಲ. ಅದಕ್ಕೆ ಮುಂಚಿನ ಎರಡನೆಯ ಮಾದರಿಯಲ್ಲಿ 70 ಕೀಲಿಗಳು, ಕೀಲಿಗೆ 18 ದನಿಗಳು, ಅಂತೂ 1260 ಮುದ್ರಣಗಳು!

ಇಷ್ಟು ಶ್ರಮಿಸಿದರೂ ಸ್ವರಗಳು ಅಚ್ಚಿಗೆ ಹುಯ್ದಂತೆ ಬರಲಿಲ್ಲ. ಒಂದು ತುಸು ಗಡಸು, ಪಕ್ಕದ್ದು ತುಸು ಮೆದು. ಅಂದು ಅದನ್ನು ದೋಷವೆಂದು ಬಗೆದವರಿದ್ದರು. ಈಗ ರಸಿಕರು ಅದಕ್ಕಾಗಿಯೇ ಇದನ್ನು ಹುಡುಕಿಕೊಂಡು ಹೋಗುತ್ತಾರೆ. 1986ರಲ್ಲಿ ಮುಚ್ಚಿಹೋದ ಬ್ರ್ಯಾಡ್ಲಿಯವರ ಕಾರ್ಖಾನೆ ಮುಂದೆ ಮಗ ಜಾನ್ ಬ್ರ್ಯಾಡ್ಲಿ ಮತ್ತು ಮಾರ್ಟಿನ್ ಸ್ಮಿತ್ ಅವರ ಕೈಯಲ್ಲಿ ಪುನಃ ಜೀವ ತಳೆದು, 2007ರಲ್ಲಿ ಹೊಸ ಮಾದರಿಯನ್ನೇ ಹೊರತಂದಿತು. ಹಳೆಯ ಪೆಟ್ಟಿಗೆಗಳಿಗೆ ಹೊಸ ಟೇಪುಗಳನ್ನು ಸಿದ್ಧಪಡಿಸುವ ಕಾರ್ಯವೂ ಮರಳಿ ಆರಂಭವಾಯಿತು.

ನಮ್ಮ ನಾದಗಳು ಈ ಪೆಟ್ಟಿಗೆಯಲ್ಲಿ ಹಿಡಿಸಿಯಾವೇ? ಕೀಲಿಮಣೆಯ ವಾದ್ಯಕ್ಕೂ ನಮ್ಮ ಸಂಗೀತಕ್ಕೂ ಹಳೆಯ ಜಗಳವಿದೆ. ಗಮಕಕ್ಕೆ ಒಗ್ಗದೆಂಬ ಆಕ್ಷೇಪದಿಂದ ಭಾರತದ ಬಾನುಲಿಯು 1940ರಲ್ಲಿ ಹಾರ್ಮೋನಿಯಂಗೆ ಬಹಿಷ್ಕಾರ ಹಾಕಿತು. 1971ರವರೆಗೆ ಅದು ಸಡಿಲವಾಗಲಿಲ್ಲ. ಟೇಪಿನಲ್ಲಾದರೆ ಗಮಕವನ್ನೂ ಹಿಡಿದಿಡಬಹುದು. ಆದರೆ ತೋಡಿಯಲ್ಲಿ ತೂಗಾಡುವ ಗಾಂಧಾರವನ್ನು ಮುದ್ರಿಸಿಕೊಂಡರೆ ಅದು ತೋಡಿಗೇ ಮೀಸಲು. ಬೇರೆ ರಾಗಕ್ಕೆ ಬೇರೆ ಟೇಪು ಬೇಕು. ಶ್ರುತಿ ಏರಿಸಲು ಯಂತ್ರದ ವೇಗ ಹೆಚ್ಚಿಸಿದರೆ ಗಮಕವೂ ಅವಸರಪಡುತ್ತದೆ.

ಲಯವಾದ್ಯಗಳ ಮಾತು ಬೇರೆ. ಎರಡನೆಯ ಮಾದರಿಯ ಎಡಗೈಯ ಕೀಲಿಗಳಲ್ಲಿ ಲಯದ ತುಣುಕುಗಳನ್ನೇ ತುಂಬಿದ್ದರು. ಅಂಥ ಕೀಲಿಗಳಿಗೆ ನ್ಯಾಮತಿಯ ಸೀಮೆಯ ಡೊಳ್ಳು ಹೇಳಿ ಮಾಡಿಸಿದಂತಿದೆ. 1997ರವರೆಗೆ ಶಿವಮೊಗ್ಗೆಗೆ ಸೇರಿದ್ದು, ಆಮೇಲೆ ದಾವಣಗೆರೆಯ ಪಾಲಿಗೆ ಬಂದ ಈ ಊರಿನ ಸುತ್ತಿನ ನಾಡು ಡೊಳ್ಳಿನ ನಾಡು. ಕೊರಳಿಗೆ ಡೊಳ್ಳು ತೂಗಿಕೊಂಡು, ಒಂದು ಕೈಯಲ್ಲಿ ಕೋಲು ಹಿಡಿದು ಮತ್ತೊಂದು ಅಂಗೈಯಿಂದ ಬಡಿಯುವ ಗತ್ತು ಎಂಟು ಸೆಕೆಂಡಿನಲ್ಲಿ ಚೆನ್ನಾಗಿ ಅಡಗೀತು. ಮಳೆಗಾಲದ ತಂಪಿಗೆ ಚರ್ಮ ಸಡಿಲಿದರೆ ನಾದ ಇಳಿಯುವುದರಿಂದ ಬೇಸಗೆಯೇ ಮುದ್ರಣಕ್ಕೆ ತಕ್ಕ ಕಾಲ. ಇದೇ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಲಂಬಾಣಿ ಹೆಂಗಸರ ಸಮೂಹಗಾನದ ಕಂಠಗಳನ್ನೂ ಸ್ವರಸ್ವರವಾಗಿ ಹಿಡಿದಿಡಬಹುದು.

ಆದರೆ ಇಲ್ಲೊಂದು ಧರ್ಮದ ಪ್ರಶ್ನೆಯಿದೆ. ಈ ಯಂತ್ರ ಬಂದಾಗ ಬ್ರಿಟನ್ನಿನ ವಾದ್ಯಗಾರರ ಸಂಘ ಕಳವಳಗೊಂಡಿತು. ಒಂದು ದಿನದ ಕೂಲಿ ಪಡೆದು ನುಡಿಸಿದವನ ಸ್ವರ, ಅವನ ತುತ್ತನ್ನೇ ಕಸಿಯುವ ಪ್ರತಿಸ್ಪರ್ಧಿಯಾಗಿ ವರ್ಷಗಟ್ಟಲೆ ನಿಲ್ಲುವುದೆಂಬ ಅಂಜಿಕೆ ನಿರಾಧಾರವಾಗಿರಲಿಲ್ಲ. ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸುವವನು ಕೀಲಿಯೊತ್ತಿದವನು; ಕಮಾನು ಎಳೆದವರು ಪೆಟ್ಟಿಗೆಯ ಕತ್ತಲೆಯಲ್ಲಿಯೇ ಉಳಿದರು.

1965ರಲ್ಲಿ ಭದ್ರಾವತಿಯ ಆಕಾಶವಾಣಿ ಕೇಂದ್ರ ಆರಂಭವಾದಂದಿನಿಂದ ಈ ಸೀಮೆಯ ಮನೆಗಳು ಮುದ್ರಿತ ಸಂಗೀತವನ್ನು ಕೇಳುತ್ತ ಬಂದಿವೆ. ಅಲ್ಲಿಯೂ ಸ್ವರ ಟೇಪಿನದೇ. ಆದರೆ ಗಾಯನ ಯಾರದು, ಪಿಟೀಲು ಯಾರದು, ಮೃದಂಗ ಯಾರದು ಎಂದು ಉದ್ಘೋಷಕರು ಮೊದಲೇ ತಿಳಿಸುವುದು ವಾಡಿಕೆ. ಮೆಲೊಟ್ರಾನಿಗೆ ಉದ್ಘೋಷಕನಿಲ್ಲ. ಹೊಸ ದನಿಗಳನ್ನು ತುಂಬುವವರು ಈ ಕೊರತೆಯನ್ನು ನೀಗಿಸಬಲ್ಲರು. ಅದಕ್ಕೆ ದುಬಾರಿ ಉಪಕರಣವೇನೂ ಬೇಡ. ನುಡಿಸಿದವರಿಗೆ ಸಲ್ಲಬೇಕಾದ ಸಂಭಾವನೆಯನ್ನು ಮಾತಾಡಿ ಗೊತ್ತುಮಾಡುವುದು, ಟೇಪಿನ ಡಬ್ಬಿಯ ಮೇಲೆ ‘ಡೊಳ್ಳು, ನ್ಯಾಮತಿ’ ಎಂದಷ್ಟೇ ಬರೆಯದೆ ಬಾರಿಸಿದವರ ಹೆಸರುಗಳನ್ನೂ ಬರೆಯುವುದು, ಇಷ್ಟಾದರೆ ಸಾಕು.