ಹೊಸ ಲೆನ್ಸೂ ಶಿವನಿಯ ಬಿಸಿಗಾಳಿಯೂ

ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ಹೊರಟ ರೈಲು ಅಜ್ಜಂಪುರ ದಾಟಿ ಶಿವನಿ ಮುಟ್ಟುವ ಹೊತ್ತಿಗೆ ಮಲೆನಾಡು ಹಿಂದೆ ಉಳಿದಿರುತ್ತದೆ. ಇಲ್ಲಿಂದ ಮುಂದೆ ಈರುಳ್ಳಿ, ರಾಗಿ ಬೆಳೆಯುವ ಬಯಲು ಹೊಲಗಳು, ಅಲ್ಲಲ್ಲಿ ಅಮೃತಮಹಲ್ ದನಗಳಿಗೆಂದು ಅರಸರ ಕಾಲದಿಂದ ಬಿಟ್ಟ ಹುಲ್ಲುಗಾವಲು. ಪಕ್ಕದ ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಣೆಗೆ ಮೀಸಲಾಗಿಸಲಾಯಿತು. ಇಂಥ ಬಯಲುಗಳಿಗೆ ಚಳಿಗಾಲದಲ್ಲಿ ಉತ್ತರದ ದೇಶಗಳಿಂದ ಹ್ಯಾರಿಯರ್ ಗಿಡುಗಗಳು ವಲಸೆ ಬರುತ್ತವೆ. ದೂರದ ಹಕ್ಕಿ, ಅಡ್ಡವಿಲ್ಲದ ನೋಟ: ಹೊಸ ಟೆಲಿಫೋಟೋ ಲೆನ್ಸನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಹೊತ್ತೇರಿದ ಮೇಲೆ ಈ ಬಯಲಿನಲ್ಲಿ ತೆಗೆದ ಚಿತ್ರ ಲೆನ್ಸಿನ ಗುಣವನ್ನು ಹೇಳುವುದೇ ಇಲ್ಲ, ಹಕ್ಕಿಗೂ ಕ್ಯಾಮೆರಾಕ್ಕೂ ನಡುವಿನ ಗಾಳಿಯ ಗುಣವನ್ನು ಹೇಳುತ್ತದೆ ಎಂಬುದು ನನ್ನ ವಾದ. ಇದನ್ನು ಅರಿಯದೆ ಒಳ್ಳೆಯ ಲೆನ್ಸನ್ನು ದೂರಿ ಮಾರುವವರೂ ಇದ್ದಾರೆ, ಇನ್ನೂ ಉದ್ದದ್ದು ಬೇಕೆಂದು ಸಾಲ ಮಾಡುವವರೂ ಇದ್ದಾರೆ.

ಲೆಕ್ಕ ಕಷ್ಟದ್ದಲ್ಲ. ಸೆನ್ಸರಿನ ಮೇಲೆ ಬೀಳುವ ಬಿಂಬದ ಅಳತೆ ಬೇಕಾದರೆ ಹಕ್ಕಿಯ ಉದ್ದವನ್ನು ಫೋಕಲ್ ಲೆಂತಿನಿಂದ ಗುಣಿಸಿ ದೂರದಿಂದ ಭಾಗಿಸಬೇಕು. 45 ಸೆಂ.ಮೀ. ಉದ್ದದ ಹ್ಯಾರಿಯರ್ 100 ಮೀಟರ್ ದೂರದಲ್ಲಿದ್ದರೆ 600 ಮಿ.ಮೀ. ಲೆನ್ಸಿನಲ್ಲಿ ಅದರ ಬಿಂಬ 2.7 ಮಿ.ಮೀ. ಪೂರ್ಣ ಅಳತೆಯ 45 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ ಇದು 600ಕ್ಕೂ ಹೆಚ್ಚು ಪಿಕ್ಸೆಲ್‌ಗಳ ಉದ್ದ. ಒಂದೊಂದು ಪಿಕ್ಸೆಲ್ಲಿಗೂ ಹಕ್ಕಿಯ ಮೈಯ ಮುಕ್ಕಾಲು ಮಿ.ಮೀ.ಗಿಂತ ಕಡಿಮೆ ಜಾಗ. ಗರಿಯ ಅಂಚು ಎಣಿಸುವಷ್ಟು ಸ್ಪಷ್ಟವಾಗಿ ಕಾಣಬೇಕಿತ್ತು. ಕಾಣದಿರಲು ಕಾರಣ ಗಾಳಿ. ಗಾಳಿಯ ವಕ್ರೀಭವನ ಸೂಚ್ಯಂಕ ಸುಮಾರು 1.0003, ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ತಗ್ಗುವುದು ಹೆಚ್ಚುಕಡಿಮೆ ಹತ್ತು ಲಕ್ಷದಲ್ಲಿ ಒಂದು ಪಾಲು. ಅತ್ಯಲ್ಪ ಎನಿಸಬಹುದು, ಆದರೆ ಕಾದ ನೆಲದಿಂದ ಬಿಸಿಗಾಳಿಯ ಸುಳಿಗಳು ಎಡೆಬಿಡದೆ ಏಳುತ್ತಿರುವಾಗ ಬೆಳಕು ಇಂಥ ಸಾವಿರಾರು ಪುಟ್ಟ ಬಾಗುಗಳನ್ನು ದಾಟಿ ಬರಬೇಕು. ಬಿಸಿಲ್ಗುದುರೆಯನ್ನು ಕಾಣಿಸುವುದೂ ಇದೇ ವಕ್ರೀಭವನ. ಗಾಳಿಯ ಪ್ರಕ್ಷುಬ್ಧತೆಗೆ ರಷ್ಯದ ಗಣಿತಜ್ಞ ಕೊಲ್ಮೊಗೊರೊವ್ 1941ರಲ್ಲಿ ಕೊಟ್ಟ ಸಿದ್ಧಾಂತವನ್ನು ಹಿಡಿದು, ಬಿಸಿಲು ಬಲವಾದಾಗ ನೆಲದ ಸಮೀಪ ಸಾಮಾನ್ಯವಾಗಿ ಸಿಗುವ ಬೆಲೆಗಳನ್ನು ಹಾಕಿ ಲೆಕ್ಕ ಮಾಡಿದರೆ, 100 ಮೀಟರ್ ಆಚೆಯ ಒಂದು ಚುಕ್ಕೆ ಸುಮಾರು ಒಂದೂವರೆಯಿಂದ 5 ಮಿ.ಮೀ.ವರೆಗೆ ಹರಡಿಕೊಳ್ಳುತ್ತದೆ. ಅಂದರೆ ಎರಡರಿಂದ ಏಳು ಪಿಕ್ಸೆಲ್. ಗರಿಯ ಅಂಚು ಅಳಿಸಿಹೋಗುವುದು ಅಲ್ಲೇ.

ಅದೇ ಸಿದ್ಧಾಂತ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ದೂರ ಎರಡು ಪಟ್ಟಾದರೆ ಹಕ್ಕಿಯ ಬಿಂಬ ಅರ್ಧಕ್ಕೆ ಇಳಿಯುವುದಷ್ಟೇ ಅಲ್ಲ, ಗಾಳಿಯ ಮಸುಕು ಒಂದೂವರೆ ಪಟ್ಟು ಬೆಳೆಯುತ್ತದೆ. ಎರಡೂ ಸೇರಿ ಗರಿಯ ವಿವರ ಮೂರರಲ್ಲಿ ಒಂದು ಪಾಲಿಗೆ ಬೀಳುತ್ತದೆ. ಕಳೆದ ವಿವರವನ್ನು 800 ಮಿ.ಮೀ. ಲೆನ್ಸು ಮರಳಿ ತರಲಾರದು, ಹಕ್ಕಿಯನ್ನು ಹಿಗ್ಗಿಸುವಷ್ಟೇ ಮಸುಕನ್ನೂ ಅದು ಹಿಗ್ಗಿಸುತ್ತದೆ. ಕ್ಯಾಮೆರಾ ಸಮೀಪದ ಸುಳಿಗಳು ಹಕ್ಕಿ ಸಮೀಪದ ಸುಳಿಗಳಿಗಿಂತ ಹೆಚ್ಚು ಕೆಡಿಸುವುದರಿಂದ, ಕಾದ ಬಾನೆಟ್ಟಿನ ಮೇಲಿಂದಲೋ ಕಾರಿನ ಕಿಟಕಿಯಿಂದಲೋ ತೆಗೆದ ಚಿತ್ರಕ್ಕೆ ಪೆಟ್ಟು ಹೆಚ್ಚು. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಯಬೇಕೆಂದು ನೆಲಕ್ಕೆ ಅಂಟಿ ಮಲಗುವ ಈಚಿನ ರೂಢಿಯೂ ಮಧ್ಯಾಹ್ನಕ್ಕೆ ಒಗ್ಗದು: ನೆಲದಿಂದ ಮೇಲೇರಿದಂತೆ ಹಗಲಿನ ಕಲಕಾಟ ಬೇಗ ಇಳಿಯುತ್ತದೆ, ಎತ್ತರ ಇಮ್ಮಡಿಯಾದರೆ ಅದರ ಬಲ ಅರ್ಧಕ್ಕಿಂತಲೂ ಕಡಿಮೆ. ಹಾಗಾಗಿ ಲೆನ್ಸಿನ ಪರೀಕ್ಷೆ ಆಗಬೇಕಾದದ್ದು ಸೂರ್ಯ ಹುಟ್ಟಿದ ಮೇಲಿನ ಒಂದು ಗಂಟೆಯ ಆಸುಪಾಸಿನಲ್ಲಿ, ನೆಲವೂ ಗಾಳಿಯೂ ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿರುವಾಗ; ಇಲ್ಲವೇ ಮೋಡ ಕವಿದ ದಿನ, ಟ್ರೈಪಾಡ್ ಮೇಲೆ, 15–20 ಮೀಟರ್ ದೂರದ ಮರದ ತೊಗಟೆಯಂಥ ಅಲುಗಾಡದ ವಸ್ತುವಿನ ಮೇಲೆ. ಅಲ್ಲೂ ಮಸುಕಾದರೆ ಮಾತ್ರ ಲೆನ್ಸನ್ನು ಅನುಮಾನಿಸಬೇಕು.

ಷಟರ್ ವೇಗ 1/2000 ಸೆಕೆಂಡಿಗೆ ಏರಿಸಿದರೆ ಸಾಲದೇ ಎಂದು ಕೇಳುವವರುಂಟು. ರೆಕ್ಕೆಯ ಚಲನೆ ಅದರಿಂದ ನಿಲ್ಲುತ್ತದೆ, ಆ ಕ್ಷಣದ ಗಾಳಿಯ ಸೊಟ್ಟವೂ ಹಾಗೆಯೇ ಅಚ್ಚಾಗುತ್ತದೆ. ಆದರೂ ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಒಂದೊಂದು ಫ್ರೇಮಿನಲ್ಲಿ ಸೊಟ್ಟ ಬೇರೆ ಬೇರೆಯಾಗಿರುವುದರಿಂದ ಸಾಲಾಗಿ ತೆಗೆದ ನೂರರಲ್ಲಿ ಕೆಲವು ಉಳಿದವಕ್ಕಿಂತ ಚೆನ್ನಾಗಿ ಬರುತ್ತವೆ. ಖಗೋಳವಿಜ್ಞಾನಿಗಳು ಈ ಉಪಾಯವನ್ನು ಬಳಸುತ್ತಾರೆ, ಅಂಥ ಅದೃಷ್ಟದ ಸಂಭವನೀಯತೆಯನ್ನು ಡೇವಿಡ್ ಫ್ರೀಡ್ 1978ರಲ್ಲೇ ಲೆಕ್ಕ ಹಾಕಿದ್ದರು. ಗ್ರಹ ಅವರಿಗಾಗಿ ತಾಳ್ಮೆಯಿಂದ ನಿಲ್ಲುತ್ತದೆ, ಹಾರುವ ಗಿಡುಗ ನಿಲ್ಲುವುದಿಲ್ಲ. ಲೆನ್ಸಿನೊಳಗಿನ ಸ್ಟೆಬಿಲೈಸೇಷನ್ ತಿದ್ದುವುದು ಕೈಯ ನಡುಕವನ್ನು ಮಾತ್ರ.

ಇದಕ್ಕಿಂತ ತೂಕದ ಆಕ್ಷೇಪ ಬೇರೆಯಿದೆ: ದೂರದಿಂದ ಬೇಡವೆಂದರೆ ಎಲ್ಲರೂ ಹಕ್ಕಿಯ ಮೇಲೆ ಏರಿಹೋಗುವುದಿಲ್ಲವೇ? ಈ ಭಯ ಸರಿಯಾದದ್ದೇ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯದ ನೀರು ಇಳಿದು ನಡುಗಡ್ಡೆಗಳು ಮೇಲೆದ್ದಾಗ ರಿವರ್ ಟರ್ನ್‌ಗಳು ಬರಿನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಬೇಸಿಗೆಯಲ್ಲಿ ದೋಣಿ ತೀರಾ ಹತ್ತಿರ ಬಂದು ತಾಯಿಹಕ್ಕಿ ಎದ್ದುಹೋದರೆ ಆ ಮೊಟ್ಟೆಗಳು ನೇರ ಬಿಸಿಲಿಗೆ ಬೀಳುತ್ತವೆ. ಅಂಥಲ್ಲಿ ದೂರವೇ ಧರ್ಮ, ಚಿತ್ರ ಮಸುಕಾದರೆ ಆಗಲಿ. ನೀರು ನೆಲಕ್ಕಿಂತ ನಿಧಾನವಾಗಿ ಕಾಯುವುದರಿಂದ ಬೆಳಗಿನ ಜಲಾಶಯದ ಮೇಲೆ ಗಾಳಿ ಶಿವನಿಯ ಹೊಲಕ್ಕಿಂತ ಹೆಚ್ಚು ಹೊತ್ತು ಶಾಂತವಾಗಿರುತ್ತದೆ, ಇದು ಛಾಯಾಗ್ರಾಹಕರಿಗೆ ಅನುಕೂಲ. ಗೂಡಿಲ್ಲದ ಕಾಲದಲ್ಲಿ, ಮರೆಯಲ್ಲಿ ಅಲುಗಾಡದೆ ಕೂತು ಹಕ್ಕಿ ತಾನಾಗಿ 30–40 ಮೀಟರಿಗೆ ಬರುವುದನ್ನು ಕಾಯುವುದಕ್ಕೇ ಉದ್ದ ಲೆನ್ಸು ಇರುವುದು. ಮೂರನೆಯ ಒಂದು ಭಾಗದಷ್ಟೇ ಗಾಳಿ ನಡುವೆ ಉಳಿದಾಗ ಅದಕ್ಕೆ ಕೊಟ್ಟ ಹಣ ನಿಜಕ್ಕೂ ದುಡಿಯುತ್ತದೆ.

ಕಡೆಯದಾಗಿ, ಕೃತಕ ಬುದ್ಧಿಮತ್ತೆಯ ತಂತ್ರಾಂಶ ಮಸುಕನ್ನು ಚೂಪುಗೊಳಿಸುತ್ತದಲ್ಲ ಎಂಬ ಮಾತು. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಅದು ಸಾಕಾಗಬಹುದು. ಆದರೆ ನಮ್ಮ ಕಾವಲುಗಳ ಮೇಲೆ ಹಾರುವ ಪಾಲಿಡ್ ಹ್ಯಾರಿಯರ್ ಹೆಣ್ಣನ್ನೂ ಮೊಂಟೆಗು ಹ್ಯಾರಿಯರ್ ಹೆಣ್ಣನ್ನೂ ಬೇರ್ಪಡಿಸುವ ಗುರುತುಗಳಲ್ಲಿ ಮುಖ್ಯವಾದದ್ದು ಕೆನ್ನೆಯ ಹಿಂದಿನ ತೆಳು ಬಣ್ಣದ ಪಟ್ಟಿ: ಮೊದಲನೆಯದರಲ್ಲಿ ಅದು ಎದ್ದು ಕಾಣುತ್ತದೆ, ಎರಡನೆಯದರಲ್ಲಿ ಇಲ್ಲವೆನ್ನುವಷ್ಟು ಮಸುಕು. ಗಾಳಿ ಅಳಿಸಿದ ಆ ಪಟ್ಟಿಯನ್ನು ತಂತ್ರಾಂಶ ಬೇರೆ ಸಾವಿರಾರು ಚಿತ್ರಗಳ ಅಂದಾಜಿನಿಂದ ಬರೆದು ತುಂಬಿದರೆ, ಬಾರದ ಹಕ್ಕಿ ಬಂದಿತೆಂದು ದಾಖಲೆಯಾಗುತ್ತದೆ. ಅನುಮಾನವಿದ್ದ ಚಿತ್ರದ ಕೆಳಗೆ 'ಹ್ಯಾರಿಯರ್' ಎಂದಷ್ಟೇ ಬರೆದು, ತಿದ್ದದ ಮೂಲ ಕಡತವನ್ನು ಉಳಿಸಿಕೊಂಡು, ಮರುದಿನ ಬಿಸಿಲೇರುವ ಮುನ್ನ ಅದೇ ಜಾಗಕ್ಕೆ ಹೋಗುವುದು ಮೇಲು.